ಊರೇ ಸಾಕಿದ ತಂಡ

1951ರ ಮಾರ್ಚ್ ತಿಂಗಳಲ್ಲಿ ಹಿರೋಶಿಮಾದ ಬೇಸ್‌ಬಾಲ್ ತಂಡ ಮುಚ್ಚಿಹೋಗುತ್ತದೆ ಎಂಬ ಸುದ್ದಿ ರೇಡಿಯೋದಲ್ಲಿ ಬಂತು. ತಂಡ ಹುಟ್ಟಿ ಆಗಿನ್ನೂ ಒಂದು ವರ್ಷವಾಗಿತ್ತು. ಆಟಗಾರರಿಗೆ ಸಂಬಳ ಸಿಕ್ಕಿರಲಿಲ್ಲ, ಲೀಗ್‌ಗೆ ಕಟ್ಟಬೇಕಾದ ಪ್ರವೇಶ ಶುಲ್ಕವೂ ಬಾಕಿಯಿತ್ತು. ಶಿಮೊನೊಸೆಕಿಯ ತೈಯೊ ವೇಲ್ಸ್ ತಂಡದೊಳಗೆ ವಿಲೀನ ಮಾಡುವುದೊಂದೇ ದಾರಿ ಎಂಬಲ್ಲಿಗೆ ಆಡಳಿತ ಮಂಡಳಿ ಬಂದು ನಿಂತಿತ್ತು. ಹಿಂದಿನ ವರ್ಷ ಈ ತಂಡ 138 ಪಂದ್ಯ ಆಡಿ 41 ಗೆದ್ದು 96 ಸೋತಿತ್ತು. ಎಂಟು ತಂಡಗಳ ಲೀಗ್‌ನಲ್ಲಿ ಎಂಟನೆಯ ಸ್ಥಾನ. ಜಮಾಖರ್ಚಿನ ಪುಸ್ತಕ ನೋಡಿದವರಿಗೆ ಇದನ್ನು ಉಳಿಸಿಕೊಳ್ಳಲು ಒಂದು ಕಾರಣವೂ ಕಾಣುತ್ತಿರಲಿಲ್ಲ. ಊರಿನವರು ಮಾತ್ರ ಒಪ್ಪಲಿಲ್ಲ.

ಆ ಸುದ್ದಿ ಕೇಳಿದ ಜನ ಎಂಥವರು ಎಂಬುದನ್ನು ನೆನೆಯಬೇಕು. ಐದೂವರೆ ವರ್ಷದ ಹಿಂದೆ, 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ, ಅವರ ಊರಿನ ನೆತ್ತಿಯ ಮೇಲೆ ಅಣುಬಾಂಬ್ ಸಿಡಿದಿತ್ತು. ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 1,40,000 ಜನ ಸತ್ತಿದ್ದರು. ಉಳಿದವರಲ್ಲಿ ಮನೆಯವರನ್ನು ಕಳೆದುಕೊಳ್ಳದವರು ವಿರಳ. 1951ರಲ್ಲೂ ಹೊಳೆಯ ದಂಡೆಗಳಲ್ಲಿ ತಗಡು, ಹಲಗೆ ಹೊದಿಸಿದ ಗುಡಿಸಲುಗಳಿದ್ದವು. ಮುಖ, ಕೈಗಳ ಸುಟ್ಟ ಕಲೆಯನ್ನು ಮರೆಮಾಡಿಕೊಂಡು ಓಡಾಡುವ ಹುಡುಗಿಯರಿದ್ದರು. ಚೆನ್ನಾಗಿದ್ದ ಮಕ್ಕಳು ರಕ್ತದ ಕ್ಯಾನ್ಸರ್ ಬಂದು ಸಾಯುತ್ತಿದ್ದರು. ಇಂಥ ಊರಿಗೆ ಬೇಸ್‌ಬಾಲ್ ತಂಡ ಯಾಕೆ ಬೇಕಾಯಿತು, ಅದೂ ಸೋಲುತ್ತಲೇ ಇದ್ದ ತಂಡ? ಹಿರೋಶಿಮಾ ಕಾರ್ಪ್ ತಂಡದ ಕಥೆ ಹೇಳುವವರು ಸಾಮಾನ್ಯವಾಗಿ 1975ರ ಗೆಲುವಿನ ಕಡೆಗೆ ಓಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮುಂಚಿನ ಇಪ್ಪತ್ತೈದು ವರ್ಷಗಳಲ್ಲಿ. ಆ ತಂಡ ಯಾರದ್ದು ಎಂಬ ಪ್ರಶ್ನೆ ತೀರ್ಮಾನವಾದದ್ದು ಸೋಲಿನ ಆ ಕಾಲದಲ್ಲೇ.

ಬೇಸ್‌ಬಾಲ್ ಜಪಾನಿಗೆ ಅಮೆರಿಕದ ಸೈನ್ಯ ತಂದುಕೊಟ್ಟ ಆಟ ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. 1870ರ ದಶಕದಲ್ಲೇ ಅಮೆರಿಕದಿಂದ ಬಂದ ಮೇಷ್ಟರೊಬ್ಬರು ಟೋಕಿಯೋದ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಿದ್ದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅದು ಶಾಲೆ ಶಾಲೆಗೂ ಹಬ್ಬಿತ್ತು. ಒಸಾಕಾ ಬಳಿಯ ಕೋಶಿಯೆನ್ ಮೈದಾನದಲ್ಲಿ ಬೇಸಿಗೆಯಲ್ಲಿ ನಡೆಯುವ ಶಾಲಾ ಪಂದ್ಯಾವಳಿಗೆ ಇಡೀ ದೇಶ ಕಿವಿಗೊಡುತ್ತಿತ್ತು. ಅಲ್ಲಿ ಹಿರೋಶಿಮಾದ ವಾಣಿಜ್ಯ ಶಾಲೆಗೆ ದೊಡ್ಡ ಹೆಸರು. ಆ ಹೆಸರು ತಂದುಕೊಟ್ಟವರು ಅಲ್ಲೇ ಓದಿ ಅಲ್ಲೇ ತರಬೇತುದಾರರಾದ ಶುಯಿಚಿ ಇಶಿಮೊಟೊ. ಹುಡುಗರ ಮನಸ್ಸು ಗಟ್ಟಿಯಾಗಲೆಂದು ಕತ್ತಿಯ ಅಲಗಿನ ಮೇಲೆ ಬರಿಗಾಲಲ್ಲಿ ನಿಲ್ಲಿಸುತ್ತಿದ್ದರು ಎಂಬ ಕಥೆ ಅವರ ಸುತ್ತ ಇದೆ. ಮುಂದೆ ಅವರು ಒಸಾಕಾ ಟೈಗರ್ಸ್ ಎಂಬ ವೃತ್ತಿಪರ ತಂಡದ ಮ್ಯಾನೇಜರ್ ಆಗಿ ಅದನ್ನೂ ಚಾಂಪಿಯನ್ ಮಾಡಿದರು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡುವವರಲ್ಲ. ಯಾರು ಆಡಬೇಕು, ಯಾವಾಗ ಯಾರನ್ನು ಬದಲಿಸಬೇಕು ಎಂದು ಮೈದಾನದಲ್ಲೇ ನಿಂತು ತೀರ್ಮಾನಿಸುವ ಯಜಮಾನ ಅವರು. ಈ ಆಟ ಹಿರೋಶಿಮಾಕ್ಕೆ ಬಾಂಬಿಗಿಂತ ಎಷ್ಟೋ ಹಿಂದಿನಿಂದ ಬಂದ ಮನೆಯ ಸಂಗತಿಯಾಗಿತ್ತು. ಸತ್ತುಹೋದ ಗಂಡಂದಿರು, ಅಣ್ಣತಮ್ಮಂದಿರು ಆಡಿದ್ದ ಆಟ ಅದು.

1949ರ ಕೊನೆಯಲ್ಲಿ ಜಪಾನಿನ ವೃತ್ತಿಪರ ಬೇಸ್‌ಬಾಲ್ ಎರಡು ಹೋಳಾಗಿ ಸೆಂಟ್ರಲ್ ಲೀಗ್, ಪೆಸಿಫಿಕ್ ಲೀಗ್ ಹುಟ್ಟಿದವು. ಎರಡಕ್ಕೂ ಹೊಸ ತಂಡಗಳು ಬೇಕಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೆಹರೂ ಅವರು ಜಪಾನಿನ ಮಕ್ಕಳಿಗೆಂದು ಕಳಿಸಿದ ಮೈಸೂರಿನ ಆನೆ ಇಂದಿರಾ ಟೋಕಿಯೋದ ಉಯೆನೊ ಮೃಗಾಲಯಕ್ಕೆ ಬಂದು ಇಳಿದಿತ್ತು. ಅದನ್ನು ನೋಡಲು ಜನ ಮುಗಿಬಿದ್ದರು. ಯುದ್ಧದಲ್ಲಿ ಎಲ್ಲ ಕಳೆದುಕೊಂಡ ದೇಶಕ್ಕೆ ಅನ್ನ, ಸೂರಿನ ಜೊತೆಗೆ ನೋಡಿ ಸಂತೋಷಪಡುವುದಕ್ಕೆ ಏನಾದರೊಂದು ಬೇಕಾಗಿದ್ದ ಕಾಲ ಅದು. ಹಿರೋಶಿಮಾವನ್ನು ಶಾಂತಿಯ ಸ್ಮಾರಕ ನಗರವಾಗಿ ಕಟ್ಟುವ ವಿಶೇಷ ಕಾನೂನು ಕೂಡ ಅದೇ ವರ್ಷದ ಆಗಸ್ಟ್ 6ರಂದು ಜಾರಿಗೆ ಬಂತು. ರಸ್ತೆ, ಸೇತುವೆ, ಉದ್ಯಾನಗಳ ನಕ್ಷೆ ತಯಾರಾಗುತ್ತಿದ್ದ ಹೊತ್ತಿಗೇ ನಮಗೂ ಒಂದು ಬೇಸ್‌ಬಾಲ್ ತಂಡ ಬೇಕು ಎಂಬ ಮಾತು ಎದ್ದಿತು.

ತೊಡಕು ದುಡ್ಡಿನದಾಗಿತ್ತು. ಜಪಾನಿನಲ್ಲಿ ವೃತ್ತಿಪರ ತಂಡ ಎಂದರೆ ಕಂಪನಿಯ ಸ್ವತ್ತು. ಟೋಕಿಯೋದ ಜೈಂಟ್ಸ್ ಯೊಮಿಯುರಿ ಪತ್ರಿಕೆಯದು. ಹಾನ್ಶಿನ್, ಹಾಂಕ್ಯೂ, ನಾನ್ಕಾಯ್ ತಂಡಗಳು ರೈಲು ಕಂಪನಿಗಳವು. ಶೋಚಿಕು ಸಿನಿಮಾ ಕಂಪನಿ, ತೈಯೊ ಮೀನುಗಾರಿಕೆ ಕಂಪನಿ. ನಷ್ಟವಾದರೆ ಅದನ್ನು ಜಾಹೀರಾತಿನ ಖರ್ಚೆಂದು ಬರೆದುಕೊಳ್ಳುವ ಧಣಿಗಳು ಎಲ್ಲರಿಗೂ ಇದ್ದರು. ಹಿರೋಶಿಮಾದಲ್ಲಿ ಅಂಥ ಧಣಿಯೇ ಇರಲಿಲ್ಲ. ಹಾಗಾಗಿ ಪ್ರಾಂತ್ಯದ ಆಡಳಿತ, ನಗರಸಭೆ, ಸುತ್ತಲಿನ ಊರುಗಳ ಆಡಳಿತ ಇಷ್ಟಿಷ್ಟು ಕೊಡುವುದು, ಉಳಿದದ್ದನ್ನು ಜನರಿಗೆ ಷೇರು ಮಾರಿ ಎತ್ತುವುದು ಎಂದಾಯಿತು. ಊರಿನ ಹಳೆಯ ಕೋಟೆಗೆ ಕಾರ್ಪ್ ಕೋಟೆ ಎಂಬ ಅಡ್ಡಹೆಸರಿತ್ತು. ಓಟಾ ನದಿಯಲ್ಲಿ ಕಾರ್ಪ್, ಎಂದರೆ ಗೆಂಡೆ ಮೀನು, ಹೇರಳವಾಗಿತ್ತು. ಹರಿವಿಗೆ ಎದುರಾಗಿ ಈಜಿ ಜಲಪಾತ ಹತ್ತುವ ಮೀನೆಂದು ಜಪಾನೀಯರು ಅದನ್ನು ಮೆಚ್ಚುತ್ತಾರೆ. ತಂಡಕ್ಕೆ ಅದೇ ಹೆಸರು ನಿಂತಿತು. ಇಶಿಮೊಟೊ ಮ್ಯಾನೇಜರ್ ಆಗಿ ಹುಟ್ಟೂರಿಗೆ ಬಂದರು.

ಬಂದು ನೋಡಿದರೆ ಆಟಗಾರರಿರಲಿಲ್ಲ. ಹೆಸರಿದ್ದವರು ದುಡ್ಡಿದ್ದ ತಂಡಗಳಿಗೆ ಹೋಗಿಯಾಗಿತ್ತು. ಇಶಿಮೊಟೊ ತಮ್ಮ ಪರಿಚಯದ ಬಲದಿಂದ, ಬೇರೆಯವರು ಬೇಡವೆಂದು ಬಿಟ್ಟವರನ್ನೂ ಆಟ ನಿಲ್ಲಿಸಿದ್ದವರನ್ನೂ ಕಂಡುಹಿಡಿದು ಕರೆತಂದರು. ಜೈಂಟ್ಸ್‌ನಲ್ಲಿ ಹೆಸರು ಮಾಡಿದ್ದ ಕತ್ಸುಮಿ ಶಿರೈಶಿ ಮಾತ್ರ ಹಿರೋಶಿಮಾದವನೆಂಬ ಅಭಿಮಾನಕ್ಕೆ ಬಂದ ದೊಡ್ಡ ಆಟಗಾರ. ಆಯ್ಕೆ ಪರೀಕ್ಷೆಗೆ ತಾನಾಗಿ ಬಂದ ಹುಡುಗರಲ್ಲಿ ಒಬ್ಬ ರ್ಯೊಹೆಯ್ ಹಸೆಗಾವಾ. ಎತ್ತರ 167 ಸೆಂಟಿಮೀಟರ್. ಚೆಂಡೆಸೆಯುವ ಪಿಚರ್ ಆಗಲು ಅಷ್ಟು ಕುಳ್ಳನಾದವನನ್ನು ಬೇರೆ ಯಾವ ತಂಡವೂ ತೆಗೆದುಕೊಳ್ಳುತ್ತಿರಲಿಲ್ಲವೇನೋ. 1950ರ ಮಾರ್ಚ್‌ನಲ್ಲಿ ಫುಕುಓಕಾದಲ್ಲಿ ಮೊದಲ ಪಂದ್ಯ ಆಡಿ ಒಂದು ರನ್ನಿನಿಂದ ಸೋತರು. ಆ ಬಳಿಕ ಸೋಲುಗಳು ಸಾಲುಗಟ್ಟಿದವು. ವರ್ಷದ ಕೊನೆಗೆ ಅಗ್ರಸ್ಥಾನದ ಶೋಚಿಕು ರಾಬಿನ್ಸ್ ತಂಡಕ್ಕಿಂತ 59 ಪಂದ್ಯ ಹಿಂದೆ ಉಳಿದಿದ್ದರು.

ಮುಚ್ಚುವ ಮಾತು ಬಂದದ್ದು ಆಗ. ಇಶಿಮೊಟೊ ಮಂಡಳಿಯ ಮುಂದೆ ಹಟ ಹಿಡಿದರು. ದುಡ್ಡನ್ನು ನಾವೇ ಎತ್ತುತ್ತೇವೆ, ಕಾರ್ಖಾನೆಗೊಂದು, ಹಳ್ಳಿಗೊಂದು ಬೆಂಬಲಿಗರ ಸಂಘ ಕಟ್ಟುತ್ತೇವೆ ಎಂದರು. ಮಾತು ಕೊಟ್ಟು ಕೂರಲಿಲ್ಲ. ಮೈದಾನದ ಹೊಣೆಯನ್ನು ಶಿರೈಶಿಗೆ ವಹಿಸಿ, ಆಟ ನಡೆಯುತ್ತಿರುವ ದಿನಗಳಲ್ಲೂ ಊರೂರು ತಿರುಗಿದರು. ಶಾಲೆಯ ಅಂಗಳ, ಕಚೇರಿ, ಸಭಾಭವನ, ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲಿ ನಿಂತು ತಂಡದ ಸಾಲವನ್ನು ಮುಚ್ಚುಮರೆಯಿಲ್ಲದೆ ಹೇಳಿ ಸಹಾಯ ಕೇಳಿದರು. ಪಂದ್ಯ ನಡೆಯುವ ಮೈದಾನದ ಬಾಗಿಲಲ್ಲಿ ಸಾಕೆ ತುಂಬುವ ಮರದ ಪೀಪಾಯಿಗಳನ್ನು ಇಟ್ಟರು. ಹಿರೋಶಿಮಾ ಸೀಮೆಯ ಅಕ್ಕಿ ಮದ್ಯಕ್ಕೆ ಹೆಸರಾದದ್ದರಿಂದ ಪೀಪಾಯಿಗೇನೂ ಬರವಿರಲಿಲ್ಲ. ಒಳಗೆ ಹೋಗುವವರು ಅದರಲ್ಲಿ ಚಿಲ್ಲರೆ ಹಾಕಿದರು, ಮಡಿಸಿದ ನೋಟು ಹಾಕಿದರು. ಮಕ್ಕಳು ಕೈಖರ್ಚಿನ ಕಾಸು ಹಾಕಿದರು. ವಿಲೀನದ ಮಾತು ಹಿಂದೆ ಸರಿಯಿತು.

ಇದನ್ನು ದಾನ ಎಂದು ಕರೆಯಲು ನನಗೆ ಮನಸ್ಸಿಲ್ಲ. ದಾನದಲ್ಲಿ ಕೊಡುವವನ ಬಳಿ ದುಡ್ಡಿರುತ್ತದೆ, ತೆಗೆದುಕೊಳ್ಳುವವನ ಬಳಿ ಇರುವುದಿಲ್ಲ. ಇಲ್ಲಿ ಇಬ್ಬರ ಬಳಿಯೂ ಇರಲಿಲ್ಲ. ಆ ಪೀಪಾಯಿಗೆ ಕಾಸು ಹಾಕಿದವರು ಗೆಲುವಿನ ಆಸೆಯಿಂದ ಹಾಕಿರಲಾರರು, ಏಕೆಂದರೆ ಗೆಲುವಿನ ಲಕ್ಷಣ ಎಲ್ಲೂ ಇರಲಿಲ್ಲ. ಆರು ವರ್ಷಗಳಿಂದ ಜಗತ್ತು ಆ ಊರಿನ ಹೆಸರನ್ನು ಸಾವಿನ ಜೊತೆಗಲ್ಲದೆ ಹೇಳಿರಲಿಲ್ಲ. ಈಗ ದಿನಪತ್ರಿಕೆಯಲ್ಲಿ, ಟೋಕಿಯೋ, ಒಸಾಕಾ, ನಗೋಯಾಗಳ ಪಕ್ಕದಲ್ಲಿ, ನಿನ್ನೆಯ ಪಂದ್ಯದ ರನ್ನುಗಳ ಎದುರು ಹಿರೋಶಿಮಾ ಎಂದು ಅಚ್ಚಾಗುತ್ತಿತ್ತು. ಸೋತರೂ ಅಚ್ಚಾಗುತ್ತಿತ್ತು. ಬೇರೆ ಊರುಗಳ ಹಾಗೆ ನಮಗೂ ನಾಳೆ ಒಂದು ಪಂದ್ಯವಿದೆ ಎಂಬುದು ಎಷ್ಟು ದೊಡ್ಡ ಸಂಗತಿ ಎಂದು ಅರಿಯಲು ಆ ಊರಿನಲ್ಲಿ ಆ ವರ್ಷಗಳನ್ನು ಬದುಕಿರಬೇಕು.

ಪರೀಕ್ಷೆ ಅಲ್ಲಿಗೇ ಮುಗಿಯಲಿಲ್ಲ. 1952ರಲ್ಲಿ ಸೆಂಟ್ರಲ್ ಲೀಗ್‌ನಲ್ಲಿ ಏಳು ತಂಡ ಉಳಿದಿದ್ದವು. ಬೆಸಸಂಖ್ಯೆಯಾದ್ದರಿಂದ ಯಾವಾಗಲೂ ಒಂದು ತಂಡ ಸುಮ್ಮನೆ ಕೂರಬೇಕು. ಹಾಗಾಗಿ ಗೆಲುವಿನ ಪ್ರಮಾಣ ಶೇ 30ಕ್ಕಿಂತ ಕೆಳಗಿಳಿದ ತಂಡ ಲೀಗ್‌ನಿಂದ ಹೊರಗೆ ಎಂಬ ಕಟ್ಟಳೆ ಮಾಡಿದರು. ಹೊರಬೀಳುವವರು ಯಾರೆಂದು ಯಾರಿಗೂ ಅನುಮಾನವಿರಲಿಲ್ಲ. ಕಾರ್ಪ್ ಆ ವರ್ಷ 37 ಪಂದ್ಯ ಗೆದ್ದು 80 ಸೋತಿತು; ಪ್ರಮಾಣ ಶೇ 31.6. ಕೊನೆಗೆ ಶೇ 28.8ಕ್ಕೆ ಕುಸಿದು ಕೆಳಗೆ ಬಿದ್ದದ್ದು ಎರಡು ವರ್ಷದ ಹಿಂದೆ ಚಾಂಪಿಯನ್ ಆಗಿದ್ದ ಶೋಚಿಕು ರಾಬಿನ್ಸ್. ಅದು ತೈಯೊ ತಂಡದೊಳಗೆ ಕರಗಿಹೋಯಿತು. ಕಾರ್ಪ್ ಉಳಿಯಿತು.

ಉಳಿಸಿದವರಲ್ಲಿ ಮೊದಲಿಗ ಆ ಕುಳ್ಳ ಹಸೆಗಾವಾ. 1955ರಲ್ಲಿ, ತಂಡ ಕೆಳಗಿನ ಸ್ಥಾನಗಳಲ್ಲೇ ತೆವಳುತ್ತಿದ್ದಾಗ, ಅವರೊಬ್ಬರೇ 30 ಪಂದ್ಯ ಗೆಲ್ಲಿಸಿಕೊಟ್ಟರು. ನಿವೃತ್ತರಾದಾಗ ಅವರ ಹೆಸರಿನಲ್ಲಿ 197 ಗೆಲುವು, 208 ಸೋಲು. 200 ಗೆಲುವು ಮುಟ್ಟಿದ ಪಿಚರ್‌ಗಳನ್ನು ಜಪಾನ್ ಬೇರೆಯೇ ಸಾಲಿನಲ್ಲಿ ಕೂರಿಸುತ್ತದೆ, ಇವರಿಗೆ ಮೂರು ಕಡಿಮೆಯಾಯಿತು. ಗಟ್ಟಿ ತಂಡದಲ್ಲಿದ್ದಿದ್ದರೆ ಎಷ್ಟಾಗುತ್ತಿತ್ತೋ ಏನೋ. ನನ್ನ ಕಣ್ಣಿಗೆ ಆ 208 ಸೋಲುಗಳೇ ಹೆಚ್ಚು ದೊಡ್ಡವು. ಗೆಲ್ಲುವ ಭರವಸೆಯಿಲ್ಲದ ತಂಡಕ್ಕಾಗಿ ಅಷ್ಟು ಸಲ ಮತ್ತೆ ಮತ್ತೆ ಮೈದಾನದ ನಡುವೆ ಹೋಗಿ ನಿಂತ ಮನುಷ್ಯ ಅವರು.

ಕಡಲಾಚೆಯಿಂದಲೂ ನೆರವು ಬಂತು. ಹವಾಯಿಗೂ ಕ್ಯಾಲಿಫೋರ್ನಿಯಾಕ್ಕೂ ಅತಿ ಹೆಚ್ಚು ಜನರನ್ನು ಕಳಿಸಿದ ಪ್ರಾಂತ್ಯ ಹಿರೋಶಿಮಾ. ಹಾಗೆ ಹೋದವರಲ್ಲಿ ಒಬ್ಬರು ಹಿರೋಶಿಮಾದಲ್ಲಿ ಹುಟ್ಟಿದ ಕೆನಿಚಿ ಜೆನಿಮುರಾ. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಅರಿಜೋನಾದ ಮರುಭೂಮಿಯ ಗೀಲಾ ರಿವರ್ ಶಿಬಿರದಲ್ಲಿ ತಮ್ಮ ಕೈಯಾರೆ ಬೇಸ್‌ಬಾಲ್ ಮೈದಾನ ಕಟ್ಟಿದವರು. ಅವರ ಮಕ್ಕಳು 1950ರ ದಶಕದಲ್ಲಿ ಕಾರ್ಪ್ ಸೇರಿದರು. ಅರಿಜೋನಾದ ಇನ್ನೊಂದು ಶಿಬಿರದಲ್ಲಿ ಬಾಲ್ಯ ಕಳೆದ ಫಿಬರ್ ಹಿರಾಯಾಮಾ 1955ರಿಂದ ಹತ್ತು ವರ್ಷ ಇಲ್ಲಿ ಆಡಿ ಊರಿನ ಅಚ್ಚುಮೆಚ್ಚಾದರು. ಒಂದು ದೇಶ ಅನುಮಾನದಿಂದ ಬೇಲಿಯೊಳಗೆ ಇಟ್ಟಿದ್ದ ಹುಡುಗರು, ಅದೇ ದೇಶ ಸುಟ್ಟ ಊರಿಗೆ ಬಂದು ಅದೇ ದೇಶದ ಆಟ ಆಡಿದರು. ಇತಿಹಾಸದಲ್ಲಿ ಇಂಥ ಎಳೆಗಳು ಸಿಕ್ಕಾಗ ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೂರುವಂತಾಗುತ್ತದೆ.

1957ರ ಜುಲೈನಲ್ಲಿ ಹೊಸ ಕ್ರೀಡಾಂಗಣ ಸಿದ್ಧವಾಯಿತು. ಹಗಲು ದುಡಿದವರು ಸಂಜೆ ಬಂದು ನೋಡಲೆಂದು ದೀಪಗಳಿರುವ ಮೈದಾನ. ಊರಿನ ಕಂಪನಿಗಳು ಒಟ್ಟಾಗಿ ಹಣ ಕೊಟ್ಟವು. ಮುಂದೆ ನಿಂತದ್ದು ತೊಯೊ ಕೊಗ್ಯೊ, ಈಗ ಮಜ್ದಾ ಎಂದು ಲೋಕಕ್ಕೆ ಗೊತ್ತಿರುವ ಕಾರು ಕಂಪನಿ. ಬಾಂಬ್ ಬಿದ್ದ ದಿನ ಹಿಜಿಯಾಮಾ ಗುಡ್ಡದ ಮರೆಯಿದ್ದುದರಿಂದ ಅದರ ಕಾರ್ಖಾನೆ ಉಳಿದುಕೊಂಡಿತ್ತು. 1945ರ ಡಿಸೆಂಬರಿನಲ್ಲೇ ಅಲ್ಲಿಂದ ಮೂರು ಚಕ್ರದ ಲಾರಿಗಳು ಮತ್ತೆ ಹೊರಬರತೊಡಗಿದ್ದವು. ಕ್ರೀಡಾಂಗಣ ಎದ್ದ ಜಾಗವನ್ನು ಗಮನಿಸಬೇಕು: ಟ್ರಾಮ್ ರಸ್ತೆಯ ಈ ಬದಿ ಅದು, ಆ ಬದಿಗೆ ಬಾಂಬಿನ ಉರಿಗೆ ಕಬ್ಬಿಣದ ಅಸ್ಥಿಪಂಜರ ಮಾತ್ರ ಉಳಿದ ಗುಮ್ಮಟದ ಕಟ್ಟಡ. ಸಂಜೆ ದೀಪ ಹೊತ್ತಿದಾಗ ಕೇಕೆ ಆ ಗುಮ್ಮಟದವರೆಗೂ ಕೇಳುತ್ತಿತ್ತು. ಸತ್ತವರಿಗೆ ಇದು ಅಗೌರವ ಎಂದು ಊರು ಭಾವಿಸಲಿಲ್ಲ. ಆದರೆ ಆಗಸ್ಟ್ 6ರಂದು ಮಾತ್ರ ಅಲ್ಲಿ ಆಟ ಇರುತ್ತಿರಲಿಲ್ಲ. ನಗರಸಭೆಯ ಕಟ್ಟಡಗಳೆಲ್ಲ ಅಂದು ಬಾಗಿಲು ಹಾಕುತ್ತಿದ್ದವು. 1958ರ ಬಳಿಕ ಆ ದಿನ ಹಿರೋಶಿಮಾದಲ್ಲಿ ಕಾರ್ಪ್ ಮತ್ತೆ ಆಡಿದ್ದು 2011ರಲ್ಲಿ, ಬೇರೆ ಮೈದಾನದಲ್ಲಿ.

ಹಿರೋಶಿಮಾ ಹೆತ್ತ ಅತಿ ದೊಡ್ಡ ಬ್ಯಾಟುಗಾರನೊಬ್ಬ ಕಾರ್ಪ್ ಪರವಾಗಿ ಆಡಲೇ ಇಲ್ಲ ಎಂಬುದನ್ನೂ ಹೇಳಬೇಕು. ಕೊರಿಯನ್ ಮನೆತನದ ಇಸಾವೊ ಹರಿಮೊಟೊ ಐದನೆಯ ವಯಸ್ಸಿನಲ್ಲಿ ಬಾಂಬಿಗೆ ಸಿಕ್ಕಿ ಬದುಕಿ ಉಳಿದವರು. ಅವರ ಅಕ್ಕ ಉಳಿಯಲಿಲ್ಲ. ಒಸಾಕಾದ ಶಾಲೆಗೆ ಹೋಗಿ, ಅಲ್ಲಿಂದ ತೊಎಯ್ ಫ್ಲೈಯರ್ಸ್ ಸೇರಿ, ಚೆಂಡು ಹೊಡೆದು ಓಡಿ ಬೇಸ್ ಎಂಬ ನೆಲೆಯನ್ನು ಸೇರುವ 3,085 ಹಿಟ್‌ಗಳೊಂದಿಗೆ ಜಪಾನಿನ ಲೀಗ್‌ಗಳ ದಾಖಲೆ ಬರೆದರು.

1960ರ ದಶಕ ಹೆಚ್ಚು ಮಾತು ಬೇಡುವುದಿಲ್ಲ. ಬಹುಪಾಲು ವರ್ಷ ತಂಡ ಕೆಳಗಿನ ಅರ್ಧದಲ್ಲೇ ಇತ್ತು. ಒಂದು ಪ್ರಸಂಗವನ್ನು ಮಾತ್ರ ಬಿಡಲಾಗದು. ಜೈಂಟ್ಸ್‌ನ ಸದಾಹರು ಓ ಎಡಗೈ ಬ್ಯಾಟಿನಿಂದ ಚೆಂಡನ್ನು ಹೆಚ್ಚಾಗಿ ಬಲಗಡೆಗೇ ಹೊಡೆಯುತ್ತಾರೆಂದು ತೊಯೊ ಕೊಗ್ಯೊದ ಕಂಪ್ಯೂಟರ್ ಲೆಕ್ಕ ಹಾಕಿ ಹೇಳಿತು. 1964ರ ಮೇ 5ರಂದು, ಆಗ ಮ್ಯಾನೇಜರ್ ಆಗಿದ್ದ ಶಿರೈಶಿ ಕ್ಷೇತ್ರರಕ್ಷಕರನ್ನು ಬಲಕ್ಕೆ ಸರಿಸಿ ಎಡಭಾಗವನ್ನು ಬಹುಪಾಲು ಖಾಲಿ ಬಿಟ್ಟರು. ಓ ಬಾಗಲಿಲ್ಲ. ಆ ವರ್ಷ 55 ಹೋಮ್ ರನ್, ಎಂದರೆ ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ, ಹೊಡೆದರು. 1968ರಲ್ಲಿ ತೊಯೊ ಕೊಗ್ಯೊದ ಮುಖ್ಯಸ್ಥ ತ್ಸುನೆಜಿ ಮತ್ಸುದಾ ತಂಡದ ಒಡೆತನ ವಹಿಸಿಕೊಂಡರು. ತಂಡದ ಹೆಸರು ಹಿರೋಶಿಮಾ ತೊಯೊ ಕಾರ್ಪ್ ಆಯಿತು. ಅಷ್ಟಾದರೂ ಇದು ಕಂಪನಿಯ ತಂಡ ಎಂದು ಊರಿನವರು ಒಪ್ಪಿದ ಹಾಗಿಲ್ಲ, ಮತ್ಸುದಾ ಮನೆತನವೂ ಹಾಗೆ ನಡೆದುಕೊಳ್ಳಲಿಲ್ಲ. ಮುಂದೆ ತೈಲ ಬಿಕ್ಕಟ್ಟಿನ ಹೊಡೆತಕ್ಕೆ ಸಿಕ್ಕಿ ಆ ಮನೆತನ ಕಾರು ಕಂಪನಿಯ ಅಧ್ಯಕ್ಷ ಗಾದಿ ಬಿಡಬೇಕಾಯಿತು. ತಂಡವನ್ನು ಬಿಡಲಿಲ್ಲ.

1972, 73, 74. ಮೂರು ವರ್ಷವೂ ಕೊನೆಯ ಸ್ಥಾನ. 1975ಕ್ಕೆ ತಂಡ ಜೋ ಲುಟ್ಸ್ ಎಂಬ ಅಮೆರಿಕದವರನ್ನು ಮ್ಯಾನೇಜರ್ ಮಾಡಿತು. ಅಮೆರಿಕದ ಬಾಂಬಿಗೆ ಸುಟ್ಟ ಊರಿನ ತಂಡಕ್ಕೆ ಅಮೆರಿಕದವರು, ಮೂವತ್ತು ವರ್ಷ ತುಂಬುತ್ತಿದ್ದ ವರ್ಷದಲ್ಲಿ. ಅವರು ಮಾಡಿದ ಮೊದಲ ಕೆಲಸ, ಕಡುನೀಲಿ ಟೋಪಿಯನ್ನು ತೆಗೆಸಿ ಕೆಂಪು ಟೋಪಿ ತೊಡಿಸಿದ್ದು. ಹೋರಾಟದ ಬಣ್ಣ ಕೆಂಪು ಎಂಬುದು ಅವರ ನಂಬಿಕೆ. ಮೊದಲ ಬೇಸ್‌ನಲ್ಲಿ ಆಡುತ್ತಿದ್ದ ಸಚಿಯೊ ಕಿನುಗಾಸಾರನ್ನು ಮೂರನೆಯ ಬೇಸ್‌ಗೆ ಕಳಿಸಿದರು, ಗೇಲ್ ಹಾಪ್ಕಿನ್ಸ್ ಎಂಬ ಅಮೆರಿಕದ ಆಟಗಾರನನ್ನು ಮೊದಲ ಬೇಸ್‌ಗೆ ತಂದರು. ಹದಿನೈದು ಪಂದ್ಯ ಮುಗಿಯುವಷ್ಟರಲ್ಲಿ ಅವರೇ ಹೊರಟುಹೋದರು. ಅಂಪೈರ್ ಜೊತೆ ಅವರು ಜಗಳಕ್ಕೆ ನಿಂತಾಗ ತಂಡದ ಆಡಳಿತದವರು ಮೈದಾನಕ್ಕೆ ಇಳಿದು ಸಮಾಧಾನ ಮಾಡಲು ಬಂದದ್ದು ಅವರಿಗೆ ಸಹಿಸಲಾಗಲಿಲ್ಲ. ಮೈದಾನದಲ್ಲಿ ಮ್ಯಾನೇಜರ್ ಮಾತೇ ಕೊನೆಯದು ಎಂದು ರಾಜೀನಾಮೆ ಕೊಟ್ಟರು. 39 ವರ್ಷದ ತಕೇಶಿ ಕೋಬಾ ಆ ಜಾಗಕ್ಕೆ ಬಂದರು. ಕೆಂಪು ಟೋಪಿ ಉಳಿಯಿತು, ಇವತ್ತಿಗೂ ಇದೆ.

ಆ ವರ್ಷ ಏನಾಯಿತೆಂದು ಬಿಡಿಸಿ ಹೇಳುವುದು ಕಷ್ಟ. ಅದೇ ಆಟಗಾರರು ಬೇರೆಯೇ ಜನರಂತೆ ಆಡಿದರು. ಪಿಚರ್ ಯೊಶಿರೊ ಸೊತೊಕೊಬಾ 20 ಪಂದ್ಯ ಗೆಲ್ಲಿಸಿಕೊಟ್ಟರು. ಹಿರೋಶಿಮಾದವರೇ ಆದ ತ್ಸುಯೊಶಿ ಓಶಿತಾ ಬೇಸ್ ಕದಿಯುವುದರಲ್ಲಿ, ಎಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವುದರಲ್ಲಿ, ಎದುರಾಳಿಗಳನ್ನು ಕಂಗೆಡಿಸಿದರು. ಬಾಂಬ್ ಬಿದ್ದ ಮರುವರ್ಷ, 1946ರಲ್ಲಿ, ಊರ ಪಕ್ಕದಲ್ಲೇ ಹುಟ್ಟಿದ ಕೋಜಿ ಯಾಮಾಮೊಟೊ ಲೀಗ್‌ನ ಅತ್ಯುತ್ತಮ ಬ್ಯಾಟುಗಾರನಾದರು. ಆ ಬೇಸಿಗೆಯ ಆಲ್‌ಸ್ಟಾರ್ ಪಂದ್ಯದಲ್ಲಿ ಯಾಮಾಮೊಟೊ, ಕಿನುಗಾಸಾ ಇಬ್ಬರೂ ತಲಾ ಎರಡು ಹೋಮ್ ರನ್ ಹೊಡೆದಾಗ ಇಡೀ ದೇಶ ಈ ಕೆಂಪು ಟೋಪಿಗಳ ಕಡೆ ತಿರುಗಿತು. ಅಕ್ಟೋಬರ್ 15ರಂದು ಟೋಕಿಯೋದ ಕೊರಾಕುಯೆನ್ ಮೈದಾನದಲ್ಲಿ, ಒಂಬತ್ತು ವರ್ಷ ಸತತವಾಗಿ ಚಾಂಪಿಯನ್ ಆಗಿದ್ದ ಜೈಂಟ್ಸ್ ಎದುರು, ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಹಾಪ್ಕಿನ್ಸ್ ಮೂರು ರನ್ನಿನ ಹೋಮ್ ರನ್ ಹೊಡೆದರು. 4-0. ಇಪ್ಪತ್ತಾರನೆಯ ವರ್ಷಕ್ಕೆ ಮೊದಲ ಪ್ರಶಸ್ತಿ. ಆ ವರ್ಷ ಕೊನೆಯ ಸ್ಥಾನಕ್ಕೆ ಇಳಿದದ್ದು ಜೈಂಟ್ಸ್.

ಐದು ದಿನದ ಬಳಿಕ ಶಾಂತಿ ಬೀದಿಯಲ್ಲಿ ಮೆರವಣಿಗೆ. ಬಾಂಬ್ ಬಿದ್ದ ಮೇಲೆ ಬಯಲಾದ ಜಾಗದಲ್ಲಿ ಎಳೆದ ನೂರು ಮೀಟರ್ ಅಗಲದ ರಸ್ತೆ ಅದು. ಇಕ್ಕೆಲಗಳಲ್ಲಿ ಸುಮಾರು 3,00,000 ಜನ. ಆಟಗಾರರು ತೆರೆದ ಕಾರುಗಳಲ್ಲಿ ಬರುತ್ತಿದ್ದರೆ, ಗುಂಪಿನ ನಡುವೆ ಕೆಲವರು ಚೌಕಟ್ಟು ಹಾಕಿದ ಭಾವಚಿತ್ರಗಳನ್ನು ಎತ್ತಿ ಹಿಡಿದಿದ್ದರು. ತಂಡವನ್ನು ಪ್ರೀತಿಸಿ ಗೆಲುವು ನೋಡದೆ ಸತ್ತ ಮನೆಯವರ ಚಿತ್ರಗಳು. ಅಪ್ಪನಿಗೆ, ಗಂಡನಿಗೆ, ಮಗನಿಗೆ ಮೆರವಣಿಗೆ ತೋರಿಸುತ್ತಿದ್ದರು. ಇಪ್ಪತ್ತೈದು ವರ್ಷದ ಸೋಲಿಗೆ ಕಾಸು ಹಾಕಿದವರು ತಮ್ಮ ಪಾಲಿನದನ್ನು ಆ ದಿನ ಪಡೆದುಕೊಂಡರು. ಅದಾದ ಮೇಲಿನ ಜಪಾನ್ ಸೀರೀಸ್‌ನಲ್ಲಿ, ಎಂದರೆ ಎರಡೂ ಲೀಗ್‌ಗಳ ವಿಜೇತರ ನಡುವಿನ ಕಾಳಗದಲ್ಲಿ, ಹಾಂಕ್ಯೂ ಬ್ರೇವ್ಸ್ ಎದುರು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಊರಿಗೆ ಅದು ದೊಡ್ಡದೆನಿಸಲಿಲ್ಲ.

ದೇಶದ ಕಿರೀಟ ಸಿಕ್ಕದ್ದು 1979ರಲ್ಲಿ. ಅದರ ಕೊನೆಯ ಕೆಲವು ನಿಮಿಷಗಳನ್ನು ಜಪಾನಿನಲ್ಲಿ ಎನಾತ್ಸುವಿನ 21 ಎಸೆತ ಎಂದೇ ಹೇಳುತ್ತಾರೆ. ನವೆಂಬರ್ 4, ಒಸಾಕಾ ಕ್ರೀಡಾಂಗಣ, ಕಿಂತೆತ್ಸು ಬಫಲೋಸ್ ಎದುರು ಏಳನೆಯ ಹಾಗೂ ನಿರ್ಣಾಯಕ ಪಂದ್ಯ. ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆಯ ಅರ್ಧ. ಕಾರ್ಪ್ 4, ಕಿಂತೆತ್ಸು 3. ಚೆಂಡು ಯುತಾಕಾ ಎನಾತ್ಸು ಕೈಯಲ್ಲಿ. ಒಂದು ಕಾಲದಲ್ಲಿ ಹಾನ್ಶಿನ್ ತಂಡಕ್ಕಾಗಿ ಒಂದೇ ವರ್ಷದಲ್ಲಿ 401 ಸಲ ಬ್ಯಾಟುಗಾರರನ್ನು ಸ್ಟ್ರೈಕ್ ಔಟ್, ಎಂದರೆ ಮೂರು ಸ್ಟ್ರೈಕ್‌ಗೆ ಔಟ್, ಮಾಡಿದ್ದ ಎಡಗೈ ಪಿಚರ್, ಈಗ ವೇಗ ಕಳೆದುಕೊಂಡು ಕೊನೆಯ ಇನ್ನಿಂಗ್ಸ್ ಮುಗಿಸಿಕೊಡುವ ಕೆಲಸಕ್ಕೆ ಬಂದವರು. ಮೊದಲ ಎಸೆತಕ್ಕೇ ಹಿಟ್. ಓಟಗಾರ ಎರಡನೆಯ ಬೇಸ್ ಕದಿಯಲು ಓಡಿದಾಗ ಕ್ಯಾಚರ್ ಎಸೆದ ಚೆಂಡು ತಪ್ಪಿ ಅವನು ಮೂರನೆಯ ಬೇಸ್‌ಗೇ ತಲುಪಿದ. ಒಂದು ವಾಕ್, ಎಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಬಿಟ್ಟಿ ಸಿಕ್ಕ ಬೇಸ್, ಇನ್ನೊಂದು ಕಳವು, ಬೇಕೆಂದೇ ಕೊಟ್ಟ ಮತ್ತೊಂದು ವಾಕ್. ಮೂರೂ ಬೇಸ್ ತುಂಬಿವೆ, ಒಬ್ಬನೂ ಔಟ್ ಆಗಿಲ್ಲ. ಒಂದು ರನ್ ಬಂದರೆ ಸಮ, ಎರಡು ಬಂದರೆ ಎಲ್ಲ ಮುಗಿಯಿತು.

ಆಗ ಎನಾತ್ಸು ಕಣ್ಣು ಮೈದಾನದ ಅಂಚಿಗೆ ಹೋಯಿತು. ಅಲ್ಲಿ ಬೇರೆ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಪಂದ್ಯ ಸಮವಾಗಿ ಮುಂದುವರಿದರೆ ಬೇಕಾಗುತ್ತದೆಂದು ಕೋಬಾ ಸಿದ್ಧತೆ ಮಾಡಿಸಿದ್ದರು. ಎನಾತ್ಸುಗೆ ಅದು ನನ್ನ ಮೇಲೆ ನಂಬಿಕೆಯಿಲ್ಲ ಎಂದು ಕಂಡಿತು. ಸಿಟ್ಟಿನಿಂದ ಕುದಿಯುತ್ತ ನಿಂತವರ ಬಳಿಗೆ ಮೂಲೆಯಿಂದ ಕಿನುಗಾಸಾ ನಡೆದು ಬಂದರು. ನಿನಗನಿಸಿದ್ದೇ ನನಗೂ ಅನಿಸುತ್ತಿದೆ, ನೀನು ಬಿಟ್ಟರೆ ನಾನೂ ಬಿಡುತ್ತೇನೆ ಎಂಬರ್ಥದ ಮಾತು ಹೇಳಿ ಹಿಂದಿರುಗಿದರು. ಎನಾತ್ಸು ಮನಸ್ಸು ತಿಳಿಯಾಯಿತು. ಮೊದಲು ಸಸಾಕಿ ಸ್ಟ್ರೈಕ್ ಔಟ್. ಬಳಿಕ ಬ್ಯಾಟು ಹಿಡಿದು ಬಂದವರು ಇಶಿವಾತಾ. ಹತ್ತೊಂಬತ್ತನೆಯ ಎಸೆತಕ್ಕೆ ಕಿಂತೆತ್ಸು ಉಪಾಯ ಹೂಡಿತು: ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಕೆಳಗೆ ಕೆಡವಿ, ಅಷ್ಟರಲ್ಲಿ ಮೂರನೆಯ ಬೇಸ್‌ನವನನ್ನು ಓಡಿಸುವುದು. ಎನಾತ್ಸು ತೋಳು ಆಗಲೇ ಸುತ್ತಿತ್ತು. ಆ ಕ್ಷಣದಲ್ಲಿ, ಹಿಡಿದ ಹಿಡಿತ ಬದಲಿಸದೆ, ಬಾಗುವ ಚೆಂಡನ್ನು ಬ್ಯಾಟಿಗೆ ಎಟುಕದಷ್ಟು ಹೊರಗೆ ಎಸೆದರು. ಇಶಿವಾತಾ ಬ್ಯಾಟು ಗಾಳಿ ಸವರಿತು. ಓಡಿ ಬಂದವನು ದಾರಿಯಲ್ಲೇ ಔಟ್. ಇನ್ನೆರಡು ಎಸೆತಕ್ಕೆ ಇಶಿವಾತಾ ಕೂಡ ಔಟ್. ಜುಂಜಿ ಯಾಮಾಗಿವಾ ಎಂಬ ಬರಹಗಾರರು ಆ ಇಪ್ಪತ್ತೊಂದು ಎಸೆತಗಳನ್ನೇ ಹಿಡಿದು ಲೇಖನ ಬರೆದರು. 1980ರಲ್ಲಿ ನಂಬರ್ ಎಂಬ ಕ್ರೀಡಾ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂದ ಅದು ಜಪಾನಿನ ಕ್ರೀಡಾ ಬರವಣಿಗೆಯ ದಾರಿಯನ್ನೇ ತಿರುಗಿಸಿತು.

1980ರಲ್ಲೂ ಕಾರ್ಪ್ ಜಪಾನ್ ಸೀರೀಸ್ ಗೆದ್ದಿತು, 1984ರಲ್ಲಿ ಮತ್ತೊಮ್ಮೆ. ಆ ಕಾಲದ ಮುಖ ನನ್ನ ಪಾಲಿಗೆ ಕಿನುಗಾಸಾ. ತಂದೆ ಅಮೆರಿಕ ಸೈನ್ಯದ ಕಪ್ಪುವರ್ಣೀಯ, ತಾಯಿ ಜಪಾನಿನವರು. ಕ್ಯೋಟೊದಲ್ಲಿ ತಂದೆಯಿಲ್ಲದೆ ಬೆಳೆದು, ಬಣ್ಣದ ಕಾರಣಕ್ಕೆ ಕೇಳಬಾರದ್ದನ್ನೆಲ್ಲ ಕೇಳಿಸಿಕೊಂಡು, 1965ರಲ್ಲಿ ಹಿರೋಶಿಮಾಕ್ಕೆ ಬಂದವರು. 1979ರ ಆಗಸ್ಟ್ 1ರಂದು ಜೈಂಟ್ಸ್‌ನ ನಿಶಿಮೊಟೊ ಎಸೆದ ಚೆಂಡು ಬಡಿದು ಅವರ ಬೆನ್ನಿನ ಮೇಲ್ಭಾಗದ ಮೂಳೆ ಮುರಿಯಿತು. ಮರುದಿನ ಬ್ಯಾಟು ಹಿಡಿದು ಬಂದರು. ಮೂರು ಸಲ ಮೈತುಂಬ ಬೀಸಿದರು, ಮೂರೂ ತಪ್ಪಿ ಔಟ್ ಆದರು. ಮೊದಲನೆಯದು ಅಭಿಮಾನಿಗಳಿಗೆ, ಎರಡನೆಯದು ತನಗೆ, ಮೂರನೆಯದು ಚೆಂಡು ತಾಗಿಸಿ ನೊಂದುಕೊಂಡಿದ್ದ ನಿಶಿಮೊಟೊಗೆ ಎಂಬುದಾಗಿ ಅವರು ಹೇಳಿದ್ದನ್ನು ಜಪಾನ್ ಮರೆತಿಲ್ಲ. 1987ರ ಜೂನ್ 13ರಂದು ಸತತ 2,131ನೆಯ ಪಂದ್ಯ ಆಡಿ ಅಮೆರಿಕದ ಲೂ ಗೆರಿಗ್ ದಾಖಲೆ ದಾಟಿದರು. 2,215ಕ್ಕೆ ನಿಲ್ಲಿಸಿದರು. 1996ರಲ್ಲಿ ಅಮೆರಿಕದ ಕ್ಯಾಲ್ ರಿಪ್ಕೆನ್ ಆ ದಾಖಲೆಯನ್ನು ದಾಟಿದಾಗ ಕ್ಯಾನ್ಸಸ್ ಸಿಟಿಗೆ ಹೋಗಿ ಎದುರಿಗೇ ಕುಳಿತು ನೋಡಿದರು.

1991ರ ಲೀಗ್ ಪ್ರಶಸ್ತಿಯ ಬಳಿಕ ಬರಗಾಲ. 1993ರಿಂದ ಆಟಗಾರರು ಇಷ್ಟು ವರ್ಷದ ಸೇವೆಯ ನಂತರ ಇಷ್ಟಬಂದ ತಂಡಕ್ಕೆ ಹೋಗಬಹುದು ಎಂಬ ನಿಯಮ ಬಂತು. ನ್ಯಾಯವಾದ ನಿಯಮವೇ. ದುಡ್ಡು ಸುರಿಯುವ ಧಣಿಯಿಲ್ಲದ ತಂಡಕ್ಕೆ ಅದು ಪೆಟ್ಟು ಕೊಟ್ಟಿತು. ಇಲ್ಲಿ ಬೆಳೆದವರು ಒಬ್ಬೊಬ್ಬರಾಗಿ ಜೈಂಟ್ಸ್‌ಗೆ, ಹಾನ್ಶಿನ್‌ಗೆ ಹೋದರು. 1998ರಿಂದ ಹದಿನೈದು ವರ್ಷ ತಂಡ ಲೀಗ್‌ನ ಮೇಲಿನ ಅರ್ಧವನ್ನು ಮುಟ್ಟಲಿಲ್ಲ. 2004ರಲ್ಲಿ ತಂಡಗಳನ್ನು ವಿಲೀನ ಮಾಡಿ ಲೀಗ್ ಕಿರಿದಾಗಿಸುವ ಮಾತು ಬಂದಾಗ ಹಿರೋಶಿಮಾದವರಿಗೆ 1951ರ ನೆನಪಾಯಿತು. ಹಳೆಯ ಮೈದಾನ ಶಿಥಿಲವಾಗಿತ್ತು. ಹೊಸದಕ್ಕಾಗಿ ಮತ್ತೆ ಪೀಪಾಯಿಗಳನ್ನು ಇಟ್ಟರು. ಸುಮಾರು 12 ಕೋಟಿ ಯೆನ್ ಕೂಡಿತು. 2009ರಲ್ಲಿ ರೈಲು ನಿಲ್ದಾಣದ ಹತ್ತಿರ ಹೊಸ ಕ್ರೀಡಾಂಗಣ ತೆರೆಯಿತು.

ಪಿಚರ್ ಹಿರೊಕಿ ಕುರೊಡಾ ಹೊರಡುವ ಹಂತದಲ್ಲಿದ್ದ 2006ರಲ್ಲಿ ಅಭಿಮಾನಿಗಳು ಮೈದಾನದಲ್ಲಿ ದೊಡ್ಡ ಬಟ್ಟೆಯ ಫಲಕ ಹಿಡಿದರು. ಇಷ್ಟು ದಿನ ಜೊತೆಗೇ ಕಾದಾಡಿದ್ದೇವೆ, ನಿನ್ನ ಕಣ್ಣೀರು ನಮ್ಮದೂ ಎಂಬ ಅರ್ಥದ ಬರಹ ಅದರಲ್ಲಿತ್ತು. ಅವರು ಒಂದು ವರ್ಷ ನಿಂತು, ಬಳಿಕ ಅಮೆರಿಕಕ್ಕೆ ಹೋಗಿ ಡಾಡ್ಜರ್ಸ್, ಯಾಂಕೀಸ್ ಪರ ಏಳು ವರ್ಷ ಆಡಿದರು. 2014ರ ಕೊನೆಯಲ್ಲಿ, ಅಲ್ಲಿ ಇನ್ನೂ ದೊಡ್ಡ ಮೊತ್ತಕ್ಕೆ ಬೇಡಿಕೆಯಿದ್ದಾಗಲೇ, ಅದರ ಸಣ್ಣ ಪಾಲಿಗೆ ಒಪ್ಪಿ ಹಿರೋಶಿಮಾಕ್ಕೆ ಮರಳಿದರು. ಕಸುವು ಇರುವಾಗಲೇ ಬರಬೇಕು ಎಂಬುದು ಅವರ ಹಂಬಲವಾಗಿತ್ತು. ಅದೇ ಹೊತ್ತಿಗೆ ತಕಾಹಿರೊ ಅರಾಯ್ ಕೂಡ ಮರಳಿದರು. ಹಿರೋಶಿಮಾದಲ್ಲೇ ಹುಟ್ಟಿ ಕಾರ್ಪ್ ಬಿಟ್ಟು ಹಾನ್ಶಿನ್‌ಗೆ ಹೋದಾಗ ಊರಿನವರಿಂದ ಬೈಗುಳ ತಿಂದಿದ್ದವರು. ತಿರುಗಿ ಬಂದು ಮೊದಲ ಸಲ ಬ್ಯಾಟು ಹಿಡಿದು ಹೊರಟಾಗ ಮೈದಾನ ಚಪ್ಪಾಳೆ ತಟ್ಟಿತು. 2016ರ ಸೆಪ್ಟೆಂಬರ್ 10ರಂದು ಟೋಕಿಯೋದಲ್ಲಿ ಜೈಂಟ್ಸ್ ಎದುರು ಕುರೊಡಾ ಆರಂಭಿಸಿದ ಪಂದ್ಯವನ್ನು ತಂಡ 6-4ರಿಂದ ಗೆದ್ದು ಇಪ್ಪತ್ತೈದು ವರ್ಷದ ಬಳಿಕ ಲೀಗ್ ಚಾಂಪಿಯನ್ ಆಯಿತು. ನಲವತ್ತು ದಾಟಿದ್ದ ಕುರೊಡಾ ಮತ್ತು ನಲವತ್ತರ ಹೊಸ್ತಿಲಲ್ಲಿದ್ದ ಅರಾಯ್ ಮೈದಾನದಲ್ಲೇ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು.

2017, 2018ರಲ್ಲೂ ಲೀಗ್ ಕಾರ್ಪ್ ಪಾಲಾಯಿತು. ಜಪಾನ್ ಸೀರೀಸ್ ಮಾತ್ರ 1984ರ ಬಳಿಕ ಕೈಗೆ ಬಂದಿಲ್ಲ. 2023ರಲ್ಲಿ ಅರಾಯ್ ಮ್ಯಾನೇಜರ್ ಆದರು. ಮೊದಲ ವರ್ಷವೇ ತಂಡವನ್ನು ಐದನೆಯ ಸ್ಥಾನದಿಂದ ಎರಡನೆಯ ಸ್ಥಾನಕ್ಕೆ ತಂದರು.